ಸೆಲ್ಫ್ ಹೊಡೆದಾಗ ಏಳೂಕಾಲು

ಬ್ರೆಡ್ ವ್ಯಾನು ನಮ್ಮ ಶೆಡ್ಡಿಗೆ ಬಂದದ್ದು ಎರಡು ಸಣ್ಣ ಕೆಲಸಗಳಿಗೆ. ಮುಂದೆ ಎಂಜಿನ್ ಆಯಿಲ್ ಬದಲಾಯಿಸಬೇಕಿತ್ತು, ಹಿಂದೆ ಬ್ರೇಕ್ ದೀಪ ಹತ್ತುತ್ತಿರಲಿಲ್ಲ. ಆಯಿಲ್ ಅಣ್ಣನ ಕೆಲಸ, ದೀಪ ನನ್ನ ಕೆಲಸ. ಶೆಡ್ಡಿನ ನೆಲದ ಮೇಲೆ ಬಾಗಿಲಿನಿಂದ ಹಿಂದಿನ ಗೋಡೆಯವರೆಗೆ ಒಂದು ಹಳದಿ ಗೆರೆ ಎಳೆದಿದೆ. ಗೆರೆಯ ಆ ಕಡೆ ಅಣ್ಣನದು, ಈ ಕಡೆ ನನ್ನದು. ಬ್ರೆಡ್ ಡ್ರೈವರ್ ಜಾಣ. ಎರಡು ಸಲ ಹಿಂದೆ ಮುಂದೆ ಮಾಡುವ ತಾಪತ್ರಯ ಯಾರಿಗೆ ಬೇಕು ಎಂದು ವ್ಯಾನನ್ನು ಗೆರೆಗೆ ಅಡ್ಡಲಾಗಿ ನಿಲ್ಲಿಸಿದ. ಮೂತಿ ಅಣ್ಣನ ಕಡೆ, ಬೆನ್ನು ನನ್ನ ಕಡೆ. ಎರಡೂ ಕೆಲಸ ಒಟ್ಟಿಗೇ ಮುಗಿದವು. ಅವನು ಹತ್ತಿ ಕೂತು ಕೀ ತಿರುಗಿಸಿದ. ಸೆಲ್ಫ್ ಮೋಟಾರು ಎಂಜಿನ್ನನ್ನು ಗರಗರ ತಿರುಗಿಸಿತು. ಎಂಜಿನ್ ಹತ್ತಲಿಲ್ಲ.

ಅದು ಬುಧವಾರ. ಶನಿವಾರ ಆ ಹಳದಿ ಗೆರೆಯ ಮೇಲೆ ಗೋಡೆ ಏಳಬೇಕಿತ್ತು. ಇಟ್ಟಿಗೆಗಳು ಆಗಲೇ ಬಂದು ಬಾಗಿಲ ಹೊರಗೆ ಪೇರಿಸಿಕೊಂಡು ಕೂತಿದ್ದವು.

ಗೋಡೆಯ ವಿಷಯ ಹೇಳಿಬಿಡುತ್ತೇನೆ, ಮುಚ್ಚಿಟ್ಟು ಏನೂ ಆಗಬೇಕಾದ್ದಿಲ್ಲ. ಅಪ್ಪ ಶೆಡ್ಡನ್ನು ನಮ್ಮಿಬ್ಬರಿಗೆ ಬಿಟ್ಟು ಹೋಗುವಾಗ, "ಎಣ್ಣೆ ಅಂಟಿದ್ದೆಲ್ಲ ಅವನದು, ತಂತಿ ಹತ್ತಿದ್ದೆಲ್ಲ ಇವಳದು" ಎಂದಿದ್ದ. ತೀರ್ಪು ಚೆನ್ನಾಗಿಯೇ ಇತ್ತು. ಆದರೆ ಸೆಲ್ಫ್ ಮೋಟಾರ್ ಎಂಬ ವಸ್ತುವಿಗೆ ಎಣ್ಣೆಯೂ ಇದೆ, ತಂತಿಯೂ ಇದೆ. ಅಪ್ಪ ಅದನ್ನು ಮರೆತ. ನಾನು ಊಟಕ್ಕೆ ಹೋಗಿದ್ದಾಗ ನನ್ನ ಮೇಜಿನ ಮೇಲಿದ್ದ ಒಂದು ಸೆಲ್ಫ್ ಮೋಟಾರನ್ನು ಅಣ್ಣ ಬಿಚ್ಚಿ, ಧಾರಾಳವಾಗಿ ಗ್ರೀಸ್ ಬಳಿದು, ಮತ್ತೆ ಜೋಡಿಸಿಟ್ಟ. ಕರೆಂಟು ಹರಿಯುವ ಬ್ರಷ್ಷುಗಳಿಗೂ ಬಳಿದಿದ್ದ. ಅಲ್ಲಿಗೆ ಗ್ರೀಸ್ ಬಳಿಯುವುದೂ ಒಂದೇ, ಮೋಟಾರನ್ನು ಬಾವಿಗೆ ಹಾಕುವುದೂ ಒಂದೇ. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ದೂರದಿಂದ ಬರಬೇಕಾಗಿಲ್ಲ. ಗಿರಾಕಿಗಳ ಎದುರಿಗೇ, "ನಿನ್ನ ಮುಖ ನೋಡ್ಕೊಂಡು ಕೆಲಸ ಮಾಡೋದಕ್ಕಿಂತ ಗೋಡೆ ನೋಡ್ಕೊಂಡು ಮಾಡೋದು ಮೇಲು" ಎಂದುಬಿಟ್ಟೆ.

ಅಣ್ಣ ಕೈ ಒರೆಸಿಕೊಂಡು ತನ್ನ ಕಡೆಗೆ ಹೋದ. ಆವತ್ತಿನಿಂದ ಮಾತಿಲ್ಲ. ಎರಡು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಇಟ್ಟಿಗೆ ಬಂತು. ನಾನು ಕೇಳಿದ ಗೋಡೆಯನ್ನು ಅವನು ನನಗೆ ತರಿಸಿಕೊಟ್ಟಿದ್ದ.

ನನಗೆ ಗೋಡೆ ಬೇಡವಾಗಿತ್ತು. ಚಿಕ್ಕಂದಿನಿಂದ ಆ ಕಡೆ ಸ್ಪಾನರ್ ಬಿದ್ದ ಸದ್ದು ಕೇಳಿಸಿದರೇ ನನಗೆ ಈ ಕಡೆ ಕೆಲಸ ಸಾಗುವುದು. ಆದರೆ ಬೇಡ ಎನ್ನಬೇಕಾದರೆ ಮೊದಲು ನಾನು ಮಾತಾಡಬೇಕು, ಅದು ಆಗದ ಕೆಲಸ. ನಮ್ಮ ಮನೆಯಲ್ಲಿ ಹಿಡಿದ ಮೊಲಕ್ಕೆ ಮೂರೇ ಕಾಲು. ನಾಲ್ಕನೆಯದು ಕಣ್ಣಿಗೆ ಬಿದ್ದರೆ ಅದನ್ನು ಬಾಲ ಎನ್ನುತ್ತೇವೆ.

ಹೀಗಿರುವಾಗ ವ್ಯಾನು ಗೆರೆಯ ಮೇಲೆ ಅಡ್ಡ ನಿಂತಿತು. ತಳ್ಳಿ ಹೊರಗೆ ಹಾಕಬಹುದಲ್ಲ ಎಂದು ನೀವು ಕೇಳಬಹುದು. ಆಗುವುದಿಲ್ಲ. ಗಾಡಿ ನಮ್ಮ ಶೆಡ್ಡಿಗೆ ತಳ್ಳಿಸಿಕೊಂಡು ಬರಬಹುದು, ತಳ್ಳಿಸಿಕೊಂಡು ಹೋಗಬಾರದು. ಅಪ್ಪನ ಕಾಲದಿಂದ ಇದೊಂದು ಕಟ್ಟಳೆ, ಇದರಲ್ಲಿ ಅಣ್ಣನಿಗೂ ನನಗೂ ಭಿನ್ನಾಭಿಪ್ರಾಯವಿಲ್ಲ. ಆದ್ದರಿಂದ ಲೆಕ್ಕ ಸರಳ. ವ್ಯಾನು ರಿಪೇರಿಯಾದರೆ ಗೋಡೆ ಬರುತ್ತದೆ, ಆಗದಿದ್ದರೆ ನನ್ನ ಮರ್ಯಾದೆ ಹೋಗುತ್ತದೆ. ಅತ್ತ ದರಿ, ಇತ್ತ ಪುಲಿ. ನಾನು ಮೀಟರ್ ಎತ್ತಿಕೊಂಡೆ.

ನಮ್ಮಿಬ್ಬರ ನಡುವೆ ಮಾತು ಸಾಗಿಸುವ ಕೆಲಸ ಅಮ್ಮನದಾಗಿತ್ತು. ಗೆರೆಯ ಮೇಲೆ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ಎರಡು ಕಾಲು ಆ ಕಡೆ, ಎರಡು ಕಾಲು ಈ ಕಡೆ, ಕೂತಿರುತ್ತಿದ್ದಳು. ಕುರ್ಚಿಯ ಕಾಲು ಹೇಳುತ್ತಿದ್ದೇನೆ. ನಾವು ಹೇಳಿದ್ದನ್ನು ಹೇಳಿದ ಹಾಗೆ ಮುಟ್ಟಿಸಿದ್ದರೆ ಎಂದೋ ಹೊಡೆದಾಟವಾಗುತ್ತಿತ್ತು. ಅಮ್ಮ ದಾರಿಯಲ್ಲಿ ಅದನ್ನು ತೊಳೆದು ಒಣಗಿಸಿ ಕೊಡುತ್ತಿದ್ದಳು.

"ಅಮ್ಮ, ಅವಳಿಗೆ ಹೇಳು" ಎಂದ ಅಣ್ಣ. ಕೂಗಿದರೆ ಕೇಳುವಷ್ಟಲ್ಲ, ಪಿಸುಗುಟ್ಟಿದರೂ ಕೇಳುವಷ್ಟು ಹತ್ತಿರದಲ್ಲೇ ನಾನಿದ್ದೆ. "ಪೆಟ್ರೋಲ್ ಚೆನ್ನಾಗಿ ಬರ್ತಿದೆ. ಪ್ಲಗ್ ಬಿಚ್ಚಿ ನೋಡಿದೆ, ತೊಯ್ದು ತೊಪ್ಪೆಯಾಗಿದೆ. ಅಂದ್ರೆ ಪೆಟ್ರೋಲ್ ಹೋಗ್ತಿದೆ, ಕಿಡಿ ಹಾರ್ತಿಲ್ಲ. ಕಿಡಿ ಅವಳ ಡಿಪಾರ್ಟ್‌ಮೆಂಟು. ಕೆಲಸ ಬರದಿದ್ರೆ ಬರಲ್ಲ ಅಂತ ಹೇಳ್ಲಿ."

"ಪ್ಲಗ್ ಒದ್ದೆಯಂತೆ ಕಣೆ" ಎಂದಳು ಅಮ್ಮ ನನ್ನ ಕಡೆ ತಿರುಗಿ. "ಕಿಡಿ ಬರ್ತಿದೆಯಾ ಸ್ವಲ್ಪ ನೋಡಮ್ಮ ಅಂತಿದ್ದಾನೆ."

ಎಂಜಿನ್ ಅವನ ಕಡೆಯಲ್ಲಿತ್ತು. ಅವನು ಊಟಕ್ಕೆ ಹೋಗುವವರೆಗೆ ಕಾದು, ಗೆರೆ ದಾಟಿ, ಪ್ಲಗ್ಗಿಗೆ ಕರೆಂಟು ಕಳಿಸುವ ಕಾಯಿಲ್‌ನಿಂದ ಬರುವ ದಪ್ಪ ತಂತಿಯ ತುದಿಯನ್ನು ಎಂಜಿನ್ನಿನ ಕಬ್ಬಿಣದ ಹತ್ತಿರ ಸಿಕ್ಕಿಸಿ, ಕಿಟಕಿಯೊಳಗೆ ಕೈ ಹಾಕಿ ಕೀಯನ್ನು ಆನ್ ಆಫ್ ಮಾಡಿದೆ. ಚಟ್ ಎಂದು ನೀಲಿ ಕಿಡಿ ಹಾರಿತು. ಮತ್ತೊಮ್ಮೆ ಮಾಡಿದೆ, ಮತ್ತೆ ಚಟ್. ನನ್ನ ಕಡೆ ಬಂದು ವ್ಯಾನಿನ ಹಿಂಬಾಗಿಲ ಪಕ್ಕದ ಪೆಟ್ಟಿಗೆಯಲ್ಲಿದ್ದ ಬ್ಯಾಟರಿಗೆ ಮೀಟರ್ ಹಿಡಿದೆ. ಹನ್ನೆರಡೂವರೆ ವೋಲ್ಟ್. ಇನ್ನೇನು ಬೇಕು?

"ಅಮ್ಮ, ಅವನಿಗೆ ಹೇಳು. ಕಿಡಿ ನೀಲಿಯಾಗಿ ಬರ್ತಿದೆ, ಬ್ಯಾಟರಿ ಕಲ್ಲಿನ ಹಾಗಿದೆ. ಕಣ್ಣು ಕಾಣದಿದ್ರೆ ಕನ್ನಡಕ ಹಾಕ್ಕೊಳ್ಳೋಕೆ ಹೇಳು."

"ಕಿಡಿ ಚೆನ್ನಾಗಿ ಬರ್ತಿದೆಯಂತೆ ಕಣೋ" ಎಂದಳು ಅಮ್ಮ. "ನಿನ್ನ ಕಣ್ಣಿನ ಬಗ್ಗೆನೂ ವಿಚಾರಿಸಿದಳು."

ಹೀಗೆ ಬುಧವಾರ ಹೋಯಿತು. ಅವನು ಊಟಕ್ಕೆ ಹೋದಾಗ ನಾನು ಆ ಕಡೆ, ನಾನು ಹೋದಾಗ ಅವನು ಈ ಕಡೆ. ಅಣ್ಣ ಕೀ ತಿರುಗಿಸಿ ಹಿಡಿದನೆಂದರೆ ಸೆಲ್ಫ್ ಮೋಟಾರಿನಿಂದ ಸುಟ್ಟ ವಾಸನೆ ಬರುವವರೆಗೂ ಬಿಡುವವನಲ್ಲ. ನಾನೂ ಅಷ್ಟೇ. ಹತ್ತುತ್ತೀಯೋ ಇಲ್ಲವೋ ಎಂದು ಹಲ್ಲು ಕಚ್ಚಿಕೊಂಡು ಹಿಡಿಯುತ್ತಿದ್ದೆ. ಎಂಜಿನ್ ತಿರುಗುತ್ತಿತ್ತು, ತಿರುಗುತ್ತಿತ್ತು, ಹತ್ತುತ್ತಿರಲಿಲ್ಲ. ಸಂಜೆ ಬ್ಯಾಟರಿಯನ್ನು ಚಾರ್ಜಿಗೆ ಹಾಕಿದೆ. ಬೆಳಿಗ್ಗೆ ಮತ್ತೆ ಹನ್ನೆರಡೂವರೆ, ಮತ್ತೆ ಅದೇ ರಾಗ, ಅದೇ ಹಾಡು.

ಗುರುವಾರ ಬ್ರೆಡ್ ಡ್ರೈವರ್ ಬಂದು ಇಣುಕಿದ.

"ಅಕ್ಕ, ಅದಕ್ಕೆ ಮೊದಲಿಂದಾನೂ ಸ್ವಲ್ಪ ಮೊಂಡುತನ. ನಾನು ಯಾವಾಗ್ಲೂ ಇಳಿಜಾರಲ್ಲೇ ನಿಲ್ಸೋದು. ಉರುಳಿಸಿ ಗೇರ್ ಹಾಕಿಬಿಟ್ರೆ ಒಂದೇ ಏಟಿಗೆ ಹತ್ತುತ್ತೆ."

"ಇದನ್ನ ನಿನ್ನೆ ಹೇಳೋಕೆ ಏನಾಗಿತ್ತು?"

"ಅಣ್ಣಂಗೆ ಹೇಳಿದ್ನಲ್ಲ. ನಿಮಗೆ ಹೇಳಿರ್ತಾರೆ ಅಂದ್ಕೊಂಡೆ."

ಅಣ್ಣ ಅಮ್ಮನಿಗೆ ಹೇಳಿದ್ದನಂತೆ. ಅಮ್ಮ ಅದರಲ್ಲಿ ಬೈಗುಳವಿಲ್ಲದ್ದು ಕಂಡು, ಮುಖ್ಯ ವಿಷಯವಲ್ಲವೆಂದು ಬಿಟ್ಟುಬಿಟ್ಟಿದ್ದಳು.

ಶುಕ್ರವಾರ ಮಧ್ಯಾಹ್ನದ ಹೊತ್ತಿಗೆ ಅಣ್ಣ ಪೆಟ್ರೋಲ್ ಪೈಪನ್ನೆಲ್ಲ ಬಿಚ್ಚಿ ಜೋಡಿಸಿದ್ದ, ನಾನು ಪ್ಲಗ್ಗಿನ ತಂತಿಗಳನ್ನೆಲ್ಲ ಬದಲಾಯಿಸಿದ್ದೆ. ಅಣ್ಣ ಮುಂದೆ ಕೂತು ಕೀ ಹಿಡಿದಿದ್ದ. ಸೆಲ್ಫ್ ನರಳುತ್ತಿತ್ತು. ಅಮ್ಮ ಕುರ್ಚಿಯಿಂದ ಎದ್ದಳು.

"ಅದೇನು ಆ ಗಾಡಿಯ ಕತ್ತು ಹಿಸುಕ್ತಿದ್ದೀಯ? ಇಳಿ ಕೆಳಗೆ. ಸರಿ ಅತ್ತ."

ಅಣ್ಣ ಇಳಿದ. ಅಮ್ಮ ಹತ್ತಿ ಕೂತು, ಒಲೆಯ ಮೇಲಿನ ಬಿಸಿ ಪಾತ್ರೆ ಮುಟ್ಟುವವಳ ಹಾಗೆ ಎರಡು ಬೆರಳಲ್ಲಿ ಕೀ ತಿರುಗಿಸಿದಳು. ಗರ್ ಎಂದಿತು. ಅಮ್ಮ ಬೆಚ್ಚಿ ಕೈ ಬಿಟ್ಟಳು. ಎಂಜಿನ್ ದಡದಡ ಎಂದು ಹತ್ತಿಕೊಂಡಿತು.

ನಾವಿಬ್ಬರೂ ಬಾಯಿ ಬಿಟ್ಟುಕೊಂಡು ನಿಂತೆವು. ಅಣ್ಣ ಕಿಟಕಿಯಿಂದ ಕೈ ಹಾಕಿ ಎಂಜಿನ್ ಆರಿಸಿದ. ಅಮ್ಮನನ್ನು ಇಳಿಸಿ, ತಾನೇ ಕೂತು, ಕೀ ತಿರುಗಿಸಿ ಹಿಡಿದ. ಗರಗರ ಗರಗರ. ಹತ್ತಲಿಲ್ಲ. ಅಮ್ಮ ಮತ್ತೆ ಹತ್ತಿದಳು. ಗರ್ ಎಂದಿತು, ಬಿಟ್ಟಳು, ಹತ್ತಿತು.

"ಒಳ್ಳೆ ಮಾತಲ್ಲಿ ಕೇಳ್ಬೇಕು" ಎಂದಳು ಅಮ್ಮ ಇಳಿಯುತ್ತ.

ಅಣ್ಣ ಎಂಜಿನ್ ಆರಿಸಿ, ಬಾನೆಟ್ಟಿಗೆ ಒರಗಿ ತಲೆ ಕೆರೆದುಕೊಂಡ. ಅಮ್ಮನ ಕೈಗುಣ ಎಂದು ಗಾಡಿಯನ್ನು ಕಳಿಸುವಂತಿರಲಿಲ್ಲ. ಬೆಳಗಾಗುವ ಮುಂಚೆ ಬೇಕರಿಯ ಅಂಗಳದಲ್ಲಿ ಅದನ್ನು ಹತ್ತಿಸುವವನು ಡ್ರೈವರ್, ಅವನ ಜೊತೆ ಅಮ್ಮನನ್ನೂ ಕಳಿಸಲಾದೀತೆ?

ನಾನು ಹಿಂಬಾಗಿಲ ಬಳಿ ಬ್ಯಾಟರಿಯನ್ನು ದಿಟ್ಟಿಸುತ್ತ ನಿಂತೆ. ನಿಧಾನವಾಗಿ ನನಗೆ ವಿಷಯ ಬಿಡಿಸಿಕೊಂಡಿತು. ಗಾಡಿ ಹತ್ತುವುದು ಕೀ ಹಿಡಿದಿರುವಾಗಲ್ಲ, ಬಿಟ್ಟ ಕ್ಷಣದಲ್ಲಿ. ಹಿಡಿದಿರುವಷ್ಟು ಹೊತ್ತೂ ಸೆಲ್ಫ್ ಮೋಟಾರು ಬ್ಯಾಟರಿಯ ಕರೆಂಟನ್ನೆಲ್ಲ ಒಂದೇ ಗುಟುಕಿಗೆ ಕುಡಿಯುತ್ತಿದೆ, ಕಿಡಿಯ ಪಾಲಿಗೆ ಏನೂ ಉಳಿಯುತ್ತಿಲ್ಲ. ಬಿಟ್ಟ ತಕ್ಷಣ ಕರೆಂಟು ಕಿಡಿಗೆ ವಾಪಸು ಬರುತ್ತದೆ, ಎಂಜಿನ್ ಇನ್ನೂ ಅರೆಕ್ಷಣ ತಿರುಗುತ್ತಿರುತ್ತದೆ, ಹತ್ತಿಬಿಡುತ್ತದೆ. ನಾವಿಬ್ಬರೂ ಹಟ ಹಿಡಿದು ಬಿಡುವ ಹೊತ್ತಿಗೆ ಬ್ಯಾಟರಿ ಬಳಲಿ ಎಂಜಿನ್ ತಿರುಗುವುದೇ ನಿಂತಿರುತ್ತಿತ್ತು. ಇಳಿಜಾರಿನಲ್ಲಿ ಉರುಳಿಸಿದರಂತೂ ಸೆಲ್ಫಿನ ಹಂಗೇ ಇಲ್ಲ. ನನ್ನ ಹನ್ನೆರಡೂವರೆ ವೋಲ್ಟು ಬ್ಯಾಟರಿ ಸುಮ್ಮನೆ ಕೂತಿದ್ದಾಗಿನದು. ಆಳು ಮಲಗಿರುವುದನ್ನು ನೋಡಿ ಎಷ್ಟು ಮೂಟೆ ಹೊರುತ್ತಾನೆ ಎಂದು ಹೇಳಿದ ಹಾಗಾಯಿತು. ಸೆಲ್ಫ್ ಹೊಡೆಯುತ್ತಿರುವಾಗ ಮೀಟರ್ ನೋಡಬೇಕಿತ್ತು, ಮೂರು ದಿನದಲ್ಲಿ ಒಬ್ಬರೂ ನೋಡಿರಲಿಲ್ಲ. ಕೀ ಮುಂದೆ ಅಣ್ಣನ ಕಡೆ, ಬ್ಯಾಟರಿ ಹಿಂದೆ ನನ್ನ ಕಡೆ. ಒಬ್ಬರೇ ಇದ್ದಾಗ ಒಂದು ಸಿಕ್ಕರೆ ಇನ್ನೊಂದು ಸಿಗುತ್ತಿರಲಿಲ್ಲ.

ಸಿಗುತ್ತಿರಲಿಲ್ಲ ಎಂದರೆ ಪೂರ್ತಿ ನಿಜವಲ್ಲ. ಉದ್ದದ ತಂತಿ ಎಳೆದು ಮೀಟರನ್ನು ಮುಂದಿನ ಸೀಟಿಗೆ ಒಯ್ಯಬಹುದಿತ್ತು. ತಂತಿ ಕೆಲಸದವಳಿಗೆ ತಂತಿಗೆ ಬರವೇ? ನನ್ನ ಮೂಲೆಯಲ್ಲಿ ಹೊಸ ಸುರುಳಿಯೇ ಬಿದ್ದಿತ್ತು. ಅದನ್ನು ಸ್ವಲ್ಪ ಹೊತ್ತು ನೋಡಿದೆ. ಆಮೇಲೆ ಪಕ್ಕದಲ್ಲಿದ್ದ ಗೋಣಿಚೀಲವನ್ನು ಅದರ ಮೇಲೆ ಎಸೆದೆ.

"ಅಮ್ಮ, ಒಂದು ಸಲ ಕೀ ತಿರುಗಿಸು" ಎಂದೆ. ಅಮ್ಮ ತಿರುಗಿಸಿ, ಎಂದಿನಂತೆ ಬೆಚ್ಚಿ ಬಿಟ್ಟಳು. ಅಪ್ಪನ ಕಾಲದ ಮುಳ್ಳಿನ ಮೀಟರ್ ನನ್ನದು. ಮುಳ್ಳು ಕೆಳಗಿಳಿಯುವ ಮುಂಚೆಯೇ ವಾಪಸು ಎದ್ದಿತು. ಎಂಜಿನ್ ಆರಿಸಿ ಮತ್ತೆ ಹೇಳಿದೆ. ಮತ್ತೆ ಬಿಟ್ಟಳು.

"ಹಿಡ್ಕೋಬೇಕು ಅಮ್ಮ. ನಾನು ಬಿಡು ಅನ್ನೋವರೆಗೂ ಬಿಡಬಾರದು."

"ನನ್ನ ಕೈಲಾಗಲ್ಲಪ್ಪ. ಅದು ಕಿರುಚಿಕೊಂಡ್ರೆ ನನ್ನ ಎದೆ ಹೊಡ್ಕೊಳ್ಳುತ್ತೆ. ಹಿಡಿದದ್ದನ್ನ ಬಿಡದೇ ಇರೋರು ಬೇಕು ಅಂದ್ರೆ..." ಎಂದು ಅಮ್ಮ ಅಣ್ಣನ ಕಡೆ ನೋಡಿದಳು. "ದೂರ ಏನು ಹುಡುಕಬೇಕಾಗಿಲ್ಲ."

ಅಣ್ಣ ಬಂದು ಸೀಟಿನಲ್ಲಿ ಕೂತ. ಅಮ್ಮ ನಡುವೆ ನಿಂತಳು. ನಾನು "ಹಿಡಿ" ಎಂದೆ. ಅಮ್ಮ "ಹಿಡೀಬೇಕಂತೆ ಕಣೋ, ಆದ್ರೆ ಮೆಲ್ಲಗಂತೆ" ಎಂದಳು. ಮೆಲ್ಲಗೆ ಎಂದು ನಾನು ಹೇಳಿರಲಿಲ್ಲ. ಅವನು ಮೆಲ್ಲಗೆ ತಿರುಗಿಸಿದ, ಸೆಲ್ಫ್ ಟಕ್ ಎಂದು ಸುಮ್ಮನಾಯಿತು. ಇನ್ನೊಂದು ಸಲ ನಾನು "ಬಿಡು" ಎಂದದ್ದನ್ನು ಅಮ್ಮ "ಸಾಕಾಯ್ತಂತೆ, ಪಾಪ ನಿನಗೂ ಕೈ ನೋಯ್ತಿರಬೇಕು ಅಂತಾಳೆ" ಎಂದು ಮುಟ್ಟಿಸುವಷ್ಟರಲ್ಲಿ ಸೆಲ್ಫ್ ಮೋಟಾರು ಹೊಗೆಯಾಡತೊಡಗಿತ್ತು.

"ನನಗೆ ಗಂಟಲು ಒಣಗಿದೆ" ಎಂದಳು ಅಮ್ಮ. "ನೀರು ಕುಡಿದು ಬರ್ತೀನಿ." ಸೆರಗು ಕೊಡವಿಕೊಂಡು ಹೊರಟೇಬಿಟ್ಟಳು.

ಶೆಡ್ಡಿನಲ್ಲಿ ನಾವಿಬ್ಬರೇ ಉಳಿದೆವು. ವ್ಯಾನಿನೊಳಗೆ ಖಾಲಿ ಬ್ರೆಡ್ ತಟ್ಟೆಗಳ ಸಾಲು, ಅದರಾಚೆ ಅಣ್ಣನ ಹಿಂದಲೆ. ಕೂದಲು ತೆಳ್ಳಗಾಗಿತ್ತು. ಎರಡು ತಿಂಗಳಿಂದ ನಾನು ಅವನನ್ನು ಸರಿಯಾಗಿ ನೋಡಿರಲಿಲ್ಲ. "ಹಿಡಿ" ಎನ್ನುವುದು ಮಾತಾಡಿದಂತೆಯೋ, ಕೆಲಸ ಹೇಳಿದಂತೆಯೋ ಎಂದು ನನ್ನಷ್ಟಕ್ಕೆ ವಿಚಾರಣೆ ಮಾಡಿದೆ. ಕೆಲಸ ಹೇಳಿದಂತೆ ಎಂದು ತೀರ್ಮಾನವಾಯಿತು.

"ಹಿಡಿ!" ಎಂದು ಕೂಗಿದೆ.

ಅವನು ತಿರುಗಿಸಿ ಹಿಡಿದ. ವ್ಯಾನು ನಡುಗಿತು, ತಟ್ಟೆಗಳು ಗಲಗಲ ಎಂದವು. ಮುಳ್ಳು ಹನ್ನೆರಡೂವರೆಯಿಂದ ಜಾರಿತು. ಹತ್ತು. ಒಂಬತ್ತು. ಎಂಟನ್ನೂ ದಾಟಿ ಇಳಿದು ಅಲ್ಲೇ ತೂಗಾಡುತ್ತ ನಿಂತಿತು.

"ಎಷ್ಟು ಪುಟ್ಟಿ?" ಎಂದು ಮುಂದಿನಿಂದ ಕೇಳಿಸಿತು.

ಪುಟ್ಟಿ ನಾನೇ. ನನಗೆ ತಲೆಗೂದಲು ನೆರೆಯತೊಡಗಿದೆ.

"ಏಳೂಕಾಲು."

"ಏಳೂಕಾಲಾ?"

"ಸಾಕು, ಬಿಡು."

ಬಿಟ್ಟ. ಮುಳ್ಳು ಮೇಲೆ ಹಾರಿತು, ಎಂಜಿನ್ ಹತ್ತಿಕೊಂಡಿತು. ಒಂಬತ್ತಕ್ಕಿಂತ ಕೆಳಗಿಳಿದರೆ ಕಾಯಿಲ್ ಪಕ್ಕದಲ್ಲಿ ಕಿಡಿ ಹುಟ್ಟಿಸುವ ಒಂದು ಪುಟ್ಟ ಎಲೆಕ್ಟ್ರಾನಿಕ್ ಪೆಟ್ಟಿಗೆ ಇರುತ್ತದಲ್ಲ, ಅದು ಕೈ ಚೆಲ್ಲಿಬಿಡುತ್ತದೆ. ಬ್ಯಾಟರಿ ಒಳಗೇ ಸತ್ತಿತ್ತು. ಹೊರಗೆ ಮಾತ್ರ ಹನ್ನೆರಡೂವರೆ ಎಂದು ಜಂಬ.

ಹೊಸ ಬ್ಯಾಟರಿ ತಂದು ಕೂರಿಸಿದೆ. ತಂತಿಯ ತುದಿಗಳನ್ನು ಉಜ್ಜಿ ಬಿಗಿ ಮಾಡಿದೆ. ಮತ್ತೆ "ಹಿಡಿ" ಎಂದೆ, ಮತ್ತೆ "ಎಷ್ಟು?" ಎಂದ. ಹತ್ತೂವರೆಗಿಂತ ಕೆಳಗಿಳಿಯಲಿಲ್ಲ, ಕೀ ಹಿಡಿದಿರುವಾಗಲೇ ಎಂಜಿನ್ ಹತ್ತಿತು. ಸಂಜೆ ಬ್ರೆಡ್ ಡ್ರೈವರ್ ಬಂದ. ವ್ಯಾನು ತನ್ನ ಎಂಜಿನ್ನಿನಲ್ಲೇ ಶೆಡ್ಡು ಬಿಟ್ಟು ಹೋಯಿತು.

ಅದು ಹೋದ ಮೇಲೆ ಹಳದಿ ಗೆರೆ ಪೂರ್ತಿ ಕಂಡಿತು. "ಹಿಡಿ" ಎನ್ನಲು ಏನೂ ಉಳಿದಿರಲಿಲ್ಲ. ಅಣ್ಣ ಕೈ ತೊಳೆದುಕೊಂಡು ಹೋದ. ನಾನೂ ಬೆಳಕು ಆರಿಸಿ ಹೋದೆ.

ಶನಿವಾರ ಬೆಳಿಗ್ಗೆ ಗಾರೆಯವನು ಹೇಳಿದ ಹೊತ್ತಿಗೆ ಸರಿಯಾಗಿ ಬಂದ. ಗಾರೆಯವರು ಹೇಳಿದ ಹೊತ್ತಿಗೆ ಬಂದದ್ದನ್ನು ನಾನು ಜೀವಮಾನದಲ್ಲಿ ನೋಡಿದ್ದು ಅದೊಂದೇ ಸಲ. ಹೊರಗೆ ಗಾರೆ ಕಲಸಿದ, ಗೆರೆಯ ಎರಡು ತುದಿಗೂ ಮೊಳೆ ಹೊಡೆದು ದಾರ ಕಟ್ಟಿದ. ಅಮ್ಮನ ಕುರ್ಚಿಯನ್ನು ಎತ್ತಿ ಪಕ್ಕಕ್ಕಿಟ್ಟ.

"ಎಷ್ಟು ಎತ್ತರ ಬರ್ಬೇಕು?" ಎಂದು ಕೇಳಿದ.

ಅಣ್ಣ ಮಾಡಿನ ತಗಡು ನೋಡಿದ. ನಾನು ಗಾರೆಯ ಬಾಂಡಲಿ ನೋಡಿದೆ.

"ಅವಳನ್ನ ಕೇಳು" ಎಂದ ಅಣ್ಣ.

"ತರಿಸಿದೋರನ್ನ ಕೇಳು" ಎಂದೆ ನಾನು.

ಗಾರೆಯವನು ಅಮ್ಮನನ್ನು ನೋಡಿದ. ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ಅಮ್ಮನನ್ನು ಮೀರಿಸುವವರಿಲ್ಲ. ಆವತ್ತು ಮಾತ್ರ ಬಾಯಿಗೆ ಬೀಗ ಹಾಕಿಕೊಂಡು ನಿಂತಿದ್ದಳು. ಗಾರೆಯವನು ಭುಜ ಕುಣಿಸಿ, ಬಾಗಿ, ಮೊದಲ ಇಟ್ಟಿಗೆ ಎತ್ತಿಕೊಂಡ. ಕರಣೆಯಲ್ಲಿ ಗಾರೆ ತೆಗೆದು ಅದರ ಹೊಟ್ಟೆಗೆ ಬಳಿದ.

ಈ ಗೋಡೆ ಎದ್ದರೆ ಇಳಿಯುವುದಿಲ್ಲ, ಆ ಕಡೆಯ ಸ್ಪಾನರ್ ಸದ್ದು ಇನ್ನು ಕೇಳಿಸುವುದಿಲ್ಲ. ಹಾಳಾಗಿ ಹೋಗಲಿ ಎಂದುಕೊಂಡೆ.

"ಗೋಡೆ ಬೇಡಣ್ಣ" ಎಂದೆ, ಅಣ್ಣನ ಮುಖ ನೋಡಿ.

"ಬೇಡ" ಎಂದ ಅಣ್ಣ. ನಾನು ಇನ್ನೂ ಬಾಯಿ ಮುಚ್ಚಿರಲಿಲ್ಲ. "ಕೇಳಿಸ್ತಲ್ಲಪ್ಪ? ಬೇಡವಂತೆ. ಇಡು ಕೆಳಗೆ."

ಅಷ್ಟು ಬೇಗ ಬಂದ ಉತ್ತರ ಆಗ ತಾನೇ ಯೋಚಿಸಿದ್ದಂತೂ ಅಲ್ಲ. ನಾನು ಮುಖ ತಿರುಗಿಸಿ ಕಣ್ಣು ಒರೆಸಿಕೊಂಡೆ. ಸಿಮೆಂಟಿನ ಧೂಳು ಬಿದ್ದಿತ್ತು ಎಂದು ಹೇಳಬಹುದಿತ್ತು, ಆದರೆ ಅಳುತ್ತಿದ್ದೆ.

ಗಾರೆಯವನು ಇಟ್ಟಿಗೆ ಹಿಡಿದುಕೊಂಡೇ ನಿಂತಿದ್ದ. "ಕಲಸಿದ ಗಾರೆ ಏನ್ಮಾಡ್ಲಿ? ತಲೆಗೆ ಹಚ್ಕೊಳ್ಲಾ?"

ನ್ಯಾಯವಾದ ಪ್ರಶ್ನೆ. ಅಣ್ಣನೂ ನಾನೂ ಮಾತಾಡಿಕೊಂಡು, ನಡುವೆ ಒಂದು ಸಲ ಜಗಳವಾಡಿ, ಗೆರೆಯ ನಟ್ಟನಡುವೆ ಸೊಂಟದೆತ್ತರದ ಒಂದು ಕಟ್ಟೆ ಕಟ್ಟಿಸಿದೆವು. ಇನ್ನು ಮುಂದೆ ಸೆಲ್ಫ್ ಮೋಟಾರುಗಳೆಲ್ಲ ಆ ಕಟ್ಟೆಯ ಮೇಲೆ, ಇಬ್ಬರೂ ಇದ್ದಾಗಲೇ ಬಿಚ್ಚತಕ್ಕದ್ದು ಎಂದು ತೀರ್ಮಾನವಾಯಿತು. ಅಮ್ಮ ತನ್ನ ಪ್ಲಾಸ್ಟಿಕ್ ಕುರ್ಚಿ ಎತ್ತಿಕೊಂಡಳು.

"ಇನ್ನು ನಿಮ್ಮ ಮಾತು ನೀವೇ ಹೊತ್ಕೊಳ್ಳಿ. ನನಗೆ ಸಾಕಾಗಿದೆ" ಎಂದು ಒಳಗೆ ಹೋದಳು.

ಮಧ್ಯಾಹ್ನ ಗಾರೆಯವನು ಕಟ್ಟೆಗೆ ನೀರು ಚಿಮುಕಿಸುತ್ತಿದ್ದ. ಅಣ್ಣ ಗೆರೆ ದಾಟಿ ನನ್ನ ಕಡೆ ಬಂದು ಮೂಲೆ ನೋಡುತ್ತ ನಿಂತ.

"ಆ ಗೋಣಿಚೀಲ ತೆಗಿ" ಎಂದ. "ಹೊಸ ತಂತಿ. ಇಲಿ ಸೇರ್ಕೊಂಡು ಕಡಿದು ಹಾಕುತ್ತೆ."

"ಅದರ ಕೆಳಗೆ ತಂತಿ ಇದೆ ಅಂತ ನಿನಗೆ ಹೇಗೆ ಗೊತ್ತು?"

"ನೀನು ಚೀಲ ಎಸೆದಾಗಲೇ ನೋಡಿದೆ" ಎಂದ ಅಣ್ಣ. ಹೋಗಿ ಚೀಲ ಎತ್ತಿ, ಮಡಿಸಿ, ಕಂಕುಳಲ್ಲಿಟ್ಟುಕೊಂಡ. "ಆಮೇಲೆ ತಾನೇ ಕೀ ಹಿಡಿಯೋಕೆ ಬಂದು ಕೂತದ್ದು."

ಮೀಟರಿನ ತಂತಿಗಳನ್ನು ಸುತ್ತತೊಡಗಿದೆ.

"ಕನ್ನಡಕ ಬೇಡ ಬಿಡು ನಿನಗೆ" ಎಂದೆ.